ತುದಿ ಕಾಯುವ ವಿದ್ಯೆ

ಗಡ್ಡ ಬಿಡುವುದಕ್ಕೆ ಯಾವ ವಿದ್ಯೆಯೂ ಬೇಕಿಲ್ಲ. ಬ್ಲೇಡು ಮುಟ್ಟದಿದ್ದರೆ ಸಾಕು, ತನ್ನ ಪಾಡಿಗೆ ಬೆಳೆಯುತ್ತದೆ. 2018ರಲ್ಲಿ ಗಡ್ಡದ ನಾಯಕನ ‘ಕೆಜಿಎಫ್’ ಸಿನಿಮಾ ತೆರೆಕಂಡ ಮೇಲೆ ನಮ್ಮ ಊರುಗಳಲ್ಲಿ ಹಾಗೆ ಬೆಳೆದ ಗಡ್ಡಗಳಿಗೆ ಲೆಕ್ಕವೇ ಇಲ್ಲ. ಆದರೆ ಎದೆ ಮುಟ್ಟುವ ಗಡ್ಡ ಸಿಕ್ಕುಗಟ್ಟದೆ, ಕೆಂಚಾಗದೆ, ತುದಿ ಸೀಳದೆ ಇರಬೇಕೆಂದರೆ ಅದಕ್ಕೊಂದು ಕಸುಬುಗಾರಿಕೆ ಬೇಕು. ವಾರಕ್ಕೊಮ್ಮೆ ಪುರುಸೊತ್ತು ಮಾಡಿಕೊಂಡು ನಡೆಸುವ ಈ ಆರೈಕೆಯನ್ನು ಸಲೂನಿನವರು ಡೀಪ್ ಕಂಡೀಷನಿಂಗ್ ಎನ್ನುತ್ತಾರೆ.

ಇದರ ಮರ್ಮ ಕೂದಲಿನ ವಯಸ್ಸಿನಲ್ಲಿದೆ. ಗಡ್ಡ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ 30 ಸೆಂಟಿಮೀಟರ್ ಉದ್ದದ ಗಡ್ಡದ ತುದಿಗೆ ಎರಡೂವರೆ ವರ್ಷ. ಅಷ್ಟು ಕಾಲದ ಬಿಸಿಲು, ದೂಳು, ಸಾಬೂನು, ಹೆಲ್ಮೆಟ್ ಪಟ್ಟಿಯ ಉಜ್ಜಾಟ ಎಲ್ಲವನ್ನೂ ಅದು ಉಂಡಿರುತ್ತದೆ. ಕೂದಲಿಗೆ ಜೀವವಿರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಹೊರಗೆ ಬಂದದ್ದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಕೆಟ್ಟರೆ ಗಾಯದ ಹಾಗೆ ತಾನಾಗಿ ಮಾಯುವುದಿಲ್ಲ. ಚರ್ಮದ ಗ್ರಂಥಿಗಳು ಸ್ರವಿಸುವ ಜಿಡ್ಡು ಕೂದಲಿಗೆ ಒಳ್ಳೆಯ ಕಾವಲು ನಿಜ. ಆದರೆ ಗುಂಗುರಾದ ಉದ್ದ ಎಳೆಯಲ್ಲಿ ಅದು ತುದಿಯವರೆಗೆ ಇಳಿಯುವುದೇ ಇಲ್ಲ. ಹಾಗಾಗಿ ಬುಡ ಜಿಡ್ಡು, ತುದಿ ಒಣಕಲು. ಬಲ್ಲವರು ಆರೈಕೆಯನ್ನು ತುದಿಯಿಂದ ಶುರು ಮಾಡುವುದು ಇದಕ್ಕೇ.

ಮೊದಲ ಕೆಲಸ ಸಿಕ್ಕು ಬಿಡಿಸುವುದು, ಅದೂ ಕೂದಲು ಒಣಗಿರುವಾಗಲೇ. ನೆಂದ ಕೂದಲು ಉಬ್ಬುತ್ತದೆ, ಎಳೆದರೆ ಬೇಗ ತುಂಡಾಗುತ್ತದೆ. ಬೆರಳಲ್ಲಿ ದೊಡ್ಡ ಗಂಟುಗಳನ್ನು ಸಡಿಲಿಸಿ, ಆಮೇಲೆ ಅಗಲ ಹಲ್ಲಿನ ಮರದ ಬಾಚಣಿಗೆಯಿಂದ ಕೊನೆಯ ಎರಡು ಅಂಗುಲ ಬಾಚಬೇಕು. ಅದು ಸಲೀಸಾದ ಮೇಲೆ ಒಂದಿಷ್ಟು ಮೇಲಿನಿಂದ, ಹೀಗೆ ಏರುತ್ತ ಗಲ್ಲದವರೆಗೆ. ಬುಡದಿಂದಲೇ ಸರ್ರನೆ ಎಳೆದರೆ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಸೇರಿ ಒಂದೇ ಗಂಟಾಗುತ್ತವೆ.

ಬಳಿಕ ಎಣ್ಣೆ. ನಮ್ಮ ಅಜ್ಜಿಯರು ಎಣ್ಣೆ ಹಚ್ಚಿ ನೆನೆಯಲು ಬಿಟ್ಟು ಆಮೇಲೆ ನೀರೆರೆಯುತ್ತಿದ್ದ ಕ್ರಮವೇ ಇಲ್ಲೂ ಸರಿ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ಎಣ್ಣೆ ಮೂರನ್ನೂ ಕೂದಲಿನ ಮೇಲೆ ಹೋಲಿಸಿ ನೋಡಿದ ರೇಲೆ ಮತ್ತು ಮೊಹಿಲೆ ಅವರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ತೊಳೆಯುವಾಗ, ಬಾಚುವಾಗ ಆಗುವ ಪ್ರೋಟೀನ್ ನಷ್ಟವನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಎಳೆಯೊಳಕ್ಕೆ ನುಸುಳಿ ನೀರು ಮಿತಿಮೀರಿ ಹೊಗದಂತೆ ತಡೆಯುತ್ತದೆ. ಹರಳೆಣ್ಣೆ ಮಂದವಾದ್ದರಿಂದ ಹೊರಗೇ ಅಂಟಿ ಕೂರುತ್ತದೆ. ಹೊಳಪಿಗೆ ನಾಲ್ಕು ಹನಿ ಬೆರೆಸಿದರೆ ಸಾಕು, ಹೆಚ್ಚಾದರೆ ತೊಳೆಯುವುದೇ ಪಾಡು. ಎಣ್ಣೆಯನ್ನು ಉಗುರುಬೆಚ್ಚಗೆ ಮಾಡಿ, ತುದಿಗೆ ಧಾರಾಳವಾಗಿ, ಮೇಲಕ್ಕೆ ಹೋದಂತೆ ಕಡಿಮೆ ಹಚ್ಚಿ, ಒಂದೆರಡು ಗಂಟೆ ಬಿಡಬೇಕು. ಗಡ್ಡದೊಳಗೆ ಹೊಟ್ಟು ಏಳುವವರು ಚರ್ಮಕ್ಕೆ ಎಣ್ಣೆ ತಾಗಿಸದಿರುವುದು ಕ್ಷೇಮ. ಹೊಟ್ಟಿಗೆ ಕಾರಣವಾಗುವ ಮಲಸೇಜಿಯ ಎಂಬ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ.

ತೊಳೆಯುವುದಕ್ಕೆ ಮೈ ಸಾಬೂನು ಬೇಡ. ಅದು ಕ್ಷಾರ. ಕೂದಲಿನ ಮೈಮೇಲೆ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಕೂತ ಹುರುಪೆಗಳಿವೆ. ಕ್ಷಾರ ತಾಗಿದರೆ ಅವು ಏಳುತ್ತವೆ, ಕೂದಲು ಒರಟಾಗಿ ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರಂತೂ ಸಾಬೂನು ಸುಣ್ಣದ ಅಂಶದೊಡನೆ ಸೇರಿ ಬಿಳಿ ಪೊರೆಯಾಗಿ ಗಡ್ಡದಲ್ಲೇ ಉಳಿಯುತ್ತದೆ. ಸೌಮ್ಯವಾದ ಶಾಂಪೂವೋ ಸೀಗೆಕಾಯಿಯೋ ಆಗಬಹುದು. ಸೀಗೆಯನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯನ್ನು ಮಾತ್ರ ಬಳಸಬೇಕು. ಪುಡಿಯನ್ನೇ ಮೆತ್ತಿಕೊಂಡರೆ ತರಿ ಗಡ್ಡದೊಳಗೆ ಕೂರುತ್ತದೆ; ಕಣ್ಣಿಗೆ ಹಾರಿದರೆ ಉರಿ ಹೇಳತೀರದು.

ಈಗ ಕಂಡೀಷನರ್ ಸರದಿ. ನೆಂದ ಕೂದಲಿನ ಮೇಲೆ ಋಣ ವಿದ್ಯುದಂಶ ಇರುತ್ತದೆ. ಹಾಳಾದ ಕಡೆ ಅದು ಹೆಚ್ಚು. ಕಂಡೀಷನರಿನ ಮುಖ್ಯ ಅಣುಗಳದ್ದು ಧನ ವಿದ್ಯುದಂಶ. ಹೀಗಾಗಿ ಅವು ಹೆಚ್ಚಾಗಿ ಹೋಗಿ ಅಂಟುವುದು ಹೆಚ್ಚು ಸವೆದ ಜಾಗಕ್ಕೇ. ಎಲ್ಲಿ ಬೇಕೋ ಅಲ್ಲಿಗೆ ತಾನಾಗಿ ಹುಡುಕಿಕೊಂಡು ಹೋಗುವ ಈ ಗುಣ ನಿಜಕ್ಕೂ ಬೆರಗಿನದು. ನಾವು ಮಾಡಬೇಕಾದ್ದು ಇಷ್ಟೇ: ಗಡ್ಡದ ನೀರನ್ನು ಮೆಲ್ಲಗೆ ಹಿಂಡಿ, ಕಂಡೀಷನರನ್ನು ಎಳೆ ಎಳೆಗೂ ಸವರಿ, ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ ಸುತ್ತಿ 15–20 ನಿಮಿಷ ಕೂರುವುದು. ಗಂಟೆಗಟ್ಟಲೆ ಇಟ್ಟರೆ ಹೆಚ್ಚಿನ ಲಾಭವೇನಿಲ್ಲ.

ಅಂಗಡಿಯ ಡಬ್ಬಿ ಬೇಡವೆನ್ನುವವರಿಗೆ ಹಿತ್ತಲಿದೆ. ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿದರೆ ಬರುವ ಲೋಳೆ, ನೆನೆಸಿ ರುಬ್ಬಿ ಸೋಸಿದ ಮೆಂತ್ಯ ಎರಡೂ ಎಳೆಯ ಮೇಲೆ ತೆಳುವಾದ ಪದರ ಕಟ್ಟಿ ಬಾಚಣಿಗೆಗೆ ಜಾರುವ ಗುಣ ಕೊಡುತ್ತವೆ. ಮೊಟ್ಟೆ ಹಚ್ಚುವವರೂ ಇದ್ದಾರೆ. ಮೊಟ್ಟೆಯ ಪ್ರೋಟೀನಿನ ಅಣು ಕೂದಲೊಳಗೆ ಇಳಿಯಲಾರದಷ್ಟು ದೊಡ್ಡದು. ಮೇಲಾಗಿ ಬಿಸಿನೀರು ಸುರಿದುಕೊಂಡರೆ ಗಡ್ಡದಲ್ಲೇ ಬುರ್ಜಿ ತಯಾರು.

ತೊಳೆದ ಮೇಲೆ ಒರಟು ಟವೆಲ್ಲಿನಿಂದ ಉಜ್ಜಿದರೆ ಅಷ್ಟೂ ಶ್ರಮ ವ್ಯರ್ಥ. ಹಳೆಯ ಹತ್ತಿ ಪಂಚೆಯ ತುಂಡಿನಲ್ಲಿ ಒತ್ತಿ ನೀರು ಹೀರಿಸಿ, ಗಾಳಿಗೆ ಆರಲು ಬಿಡಬೇಕು. ಇನ್ನೂ ತುಸು ತೇವವಿರುವಾಗ ಅಂಗೈಯಲ್ಲಿ ಎರಡು ಹನಿ ಎಣ್ಣೆ ತಿಕ್ಕಿ ತುದಿಗೆ ಸವರಿದರೆ ಆ ವಾರದ ಕೆಲಸ ಮುಗಿಯಿತು.

ಇಷ್ಟು ಮಾಡಿಯೂ ಸೀಳಿದ ತುದಿಯನ್ನು ಯಾವ ಎಣ್ಣೆಯೂ ಬೆಸೆಯಲಾರದು. ಅದಕ್ಕೆ ಕತ್ತರಿಯೇ ಮದ್ದು. ಹಾಗಾದರೆ ಕತ್ತರಿಯನ್ನೇ ಮುಟ್ಟದವರು? ಸಿಖ್ಖರನ್ನು ನೋಡಿ. 1699ರಲ್ಲಿ ಅವರ ಖಾಲ್ಸಾ ಪಂಥ ಸ್ಥಾಪನೆಯಾದಾಗ ದೀಕ್ಷೆ ಪಡೆದ ಐವರು ಪಂಚ ಪ್ಯಾರೆಯರಲ್ಲಿ ಭಾಯಿ ಸಾಹಿಬ್ ಸಿಂಗ್ ನಮ್ಮ ಬೀದರಿನವರು. ಕೂದಲು ಕತ್ತರಿಸದಿರುವ ಕೇಶದ ನೇಮದ ಜೊತೆಗೇ ಕಂಘಾ ಎಂಬ ಮರದ ಬಾಚಣಿಗೆಯನ್ನು ಸದಾ ಜೊತೆಗಿಟ್ಟುಕೊಳ್ಳುವ ನೇಮವನ್ನೂ ಸಿಖ್ಖರು ಪಾಲಿಸುತ್ತ ಬಂದಿದ್ದಾರೆ. ಬೆಳೆಸುವ ನೇಮ, ಓರಣವಾಗಿ ಇಟ್ಟುಕೊಳ್ಳುವ ನೇಮ ಎರಡೂ ಒಟ್ಟಿಗೇ ಬಂದದ್ದರಲ್ಲಿ ದೊಡ್ಡ ವಿವೇಕವಿದೆ. ಕೆಟ್ಟರೆ ಕತ್ತರಿಸಿದರಾಯಿತು ಎಂಬ ಧೈರ್ಯದಲ್ಲಿ ಗಡ್ಡ ಬಿಟ್ಟವರು ವಾರಕ್ಕೊಂದು ಗಂಟೆಯನ್ನೂ ಅದಕ್ಕೆ ಕೊಡುವುದಿಲ್ಲ; ಕತ್ತರಿ ಇಲ್ಲವೆಂದೇ ತಿಳಿದು ಆರೈಕೆ ಮಾಡಿದವರಿಗೆ ಕತ್ತರಿಯ ಅಗತ್ಯ ಅಪರೂಪಕ್ಕೆ ಬರುತ್ತದೆ.