ಬರಿಗಾಲ ತಂಡದ ನಾಯಕ, ಬೆಟ್ಟದ ಡಾಕ್ಟರು

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕರಾಗಿದ್ದ ಡಾ. ತಾಲಿಮೆರೆನ್ ಆವೊ ಅವರ ಬದುಕನ್ನು ತ್ಯಾಗದ ಕಥೆಯಾಗಿ ಹೇಳುವುದು ರೂಢಿ. ವೈದ್ಯಕೀಯಕ್ಕಾಗಿ ಆಟವನ್ನೇ ಬಿಟ್ಟುಕೊಟ್ಟರು, ಆರ್ಸೆನಲ್ ಕ್ಲಬ್ ಕರೆದರೂ ಹೋಗಲಿಲ್ಲ ಎಂಬ ಮಾತು ಇಂದಿಗೂ ಓಡಾಡುತ್ತದೆ. ಆದರೆ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಈ ಕಥೆ ತಲೆಕೆಳಗಾಗಿದೆ ಅನ್ನಿಸುತ್ತದೆ. ಆವೊ ಹುಟ್ಟಿದ್ದು 1918ರಲ್ಲಿ, ನಾಗಾ ಬೆಟ್ಟಗಳ ಚಾಂಗ್ಕಿ ಎಂಬ ಹಳ್ಳಿಯಲ್ಲಿ. ಪಾದ್ರಿಯಾಗಿದ್ದ ತಂದೆ 1935ರಲ್ಲಿ ಟೈಫಾಯಿಡ್‌ನಿಂದ ತೀರಿಕೊಂಡರು. ಮಗ ಡಾಕ್ಟರಾಗಬೇಕೆಂಬುದು ಅವರ ಆಸೆಯಾಗಿತ್ತು. ಗುವಾಹಟಿಯ ಕಾಟನ್ ಕಾಲೇಜು ಮುಗಿಸಿದ ಆವೊ 1942ರಲ್ಲಿ ಕಲ್ಕತ್ತೆಯ ಕಾರ್ಮೈಕೆಲ್ ಮೆಡಿಕಲ್ ಕಾಲೇಜು ಸೇರಿದರು. ಅಲ್ಲಿನ ಮೋಹನ್ ಬಗಾನ್ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ ಮೈಮೇಲೆ ಬಂದದ್ದು ಅದರ ನಂತರ. ಗುರಿ ಮೊದಲೇ ನಿಶ್ಚಯವಾಗಿತ್ತು. ಫುಟ್‌ಬಾಲ್ ಅದರ ಜೊತೆಗೆ ನಡೆದು ಬಂತು.

ಆ ಓದು ಸುಮ್ಮನೆ ನಡೆದದ್ದೂ ಅಲ್ಲ. 1942ರ ಡಿಸೆಂಬರ್‌ನಲ್ಲಿ ಜಪಾನಿ ವಿಮಾನಗಳು ಕಲ್ಕತ್ತೆಯ ಮೇಲೆ ಬಾಂಬ್ ಹಾಕಿದವು. 1943ರಲ್ಲಿ ಬಂಗಾಳದ ಕ್ಷಾಮದಿಂದ ಹಸಿದ ಜನ ನಗರದ ಬೀದಿಗಳಿಗೆ ಬಂದು ಬಿದ್ದರು. 1944ರಲ್ಲಿ ಯುದ್ಧ ಆವೊ ಅವರ ಸ್ವಂತ ಬೆಟ್ಟಗಳನ್ನೇ ಹೊಕ್ಕಿತು. ಕೊಹಿಮಾದ ಕಾಳಗ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆಯಿತು. ಅಂಥ ಕಾಲದಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದವನಿಗೆ ಡಾಕ್ಟರ ಕೊರತೆ ಎಂದರೇನೆಂದು ಪುಸ್ತಕ ನೋಡಿ ತಿಳಿಯಬೇಕಾಗಿರಲಿಲ್ಲ.

ಹಾಗೆಂದು ಆಟ ಅವರಿಗೆ ಹೊತ್ತು ಕಳೆಯುವ ಸಾಧನವಾಗಿರಲಿಲ್ಲ. ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಭಾರತದ ಧ್ವಜ ಹಿಡಿದು ಮುಂದೆ ನಡೆದವರು ಅವರೇ. ಜುಲೈ 31ರಂದು ಇಲ್ಫೋರ್ಡ್ ಮೈದಾನದಲ್ಲಿ ಫ್ರಾನ್ಸ್ ಎದುರು ಇಳಿದ ಭಾರತೀಯರಲ್ಲಿ ಹೆಚ್ಚಿನವರು ಬೂಟು ತೊಟ್ಟಿರಲಿಲ್ಲ. ಫ್ರಾನ್ಸ್ ಮೊದಲು ಗೋಲು ಹೊಡೆಯಿತು. ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸಮ ಮಾಡಿದರು. ಆದರೆ ಭಾರತಕ್ಕೆ ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿದ್ದವು. ಕೊನೆಗಳಿಗೆಯ ಗೋಲಿನಿಂದ ಫ್ರಾನ್ಸ್ 2-1ರಲ್ಲಿ ಗೆದ್ದಿತು. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಫುಟ್‌ಬಾಲ್ ಪಂದ್ಯವನ್ನು ಮುನ್ನಡೆಸಿದ್ದು ಇನ್ನೂ ಎಂಬಿಬಿಎಸ್ ಮುಗಿಸದ ವಿದ್ಯಾರ್ಥಿ. ಹವ್ಯಾಸಿ ಎಂದರೆ ಅರೆಮನಸ್ಸಿನ ಆಟಗಾರ ಎಂದುಕೊಳ್ಳುವವರಿಗೆ ಇದೊಂದೇ ಉತ್ತರ ಸಾಕು.

ಓದಿನ ಜೊತೆಗೆ ಹವ್ಯಾಸಿಯಾಗಿ ಆಡುವ ಈ ದಾರಿಗೆ ಆಕ್ಷೇಪಗಳಿವೆ. ಹವ್ಯಾಸಿ ಕ್ರೀಡೆ ಉಳ್ಳವರ ಶೋಕಿ, ಹಣವಿಲ್ಲದ ಆಟಗಾರನಿಗೆ ಅದು ಅನ್ಯಾಯ ಎಂಬುದು ಒಂದು. ಒಪ್ಪತಕ್ಕ ಮಾತೇ. ಆದರೆ ಹಳ್ಳಿಯ ಪಾದ್ರಿಯ ಮಗ ಉಳ್ಳವನಲ್ಲ. ಆಟ ಅನ್ನ ಕೊಡದ ಕಾಲದಲ್ಲಿ ಪದವಿಯೇ ಆತನಿಗೆ ಆಸರೆ. ಭಾರತದ ಫುಟ್‌ಬಾಲಿಗೆ ನಷ್ಟವಾಯಿತಲ್ಲ ಎಂಬುದು ಇನ್ನೊಂದು. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಅವರಿಲ್ಲದ ತಂಡವೇ ಚಿನ್ನ ಗೆದ್ದಿತು. ಆಟಗಾರರ ಜಾಗ ತುಂಬಲು ಜನರಿದ್ದರು, ಬೆಟ್ಟದ ಆಸ್ಪತ್ರೆಗಳಿಗೆ ಅಷ್ಟು ಸುಲಭವಾಗಿ ಜನ ಸಿಗುತ್ತಿರಲಿಲ್ಲ.

1950ರಲ್ಲಿ ಪದವಿ ಪಡೆದ ಆವೊ ಮೊದಲು ದಿಬ್ರುಗಢದಲ್ಲಿ ಕೆಲಸ ಮಾಡಿ, 1953ರಲ್ಲಿ ಕೊಹಿಮಾ ಸರಕಾರಿ ಆಸ್ಪತ್ರೆಗೆ ಬಂದರು. ಮುಂದಿನ ವರ್ಷಗಳಲ್ಲಿ ನಾಗಾ ಬೆಟ್ಟಗಳಲ್ಲಿ ಸಶಸ್ತ್ರ ಬಂಡಾಯ ಎದ್ದಿತು, ಸೇನೆ ಇಳಿಯಿತು. 1963ರಲ್ಲಿ ನಾಗಾಲ್ಯಾಂಡ್ ರಾಜ್ಯವಾಯಿತು. ಆ ಗಲಭೆಯ ದಶಕಗಳ ಉದ್ದಕ್ಕೂ ಅಲ್ಲಿ ದುಡಿದು, 1978ರಲ್ಲಿ ರಾಜ್ಯದ ಆರೋಗ್ಯ ಸೇವೆಗಳ ನಿರ್ದೇಶಕರಾಗಿ ನಿವೃತ್ತರಾದರು. 1998ರಲ್ಲಿ ತೀರಿಕೊಂಡರು. ಅವರನ್ನು ನೆನೆಯಲು ಈಗ ಟ್ರೋಫಿ ಇದೆ, 2018ರ ಅಂಚೆಚೀಟಿ ಇದೆ. ಎರಡೂ ಬಹುಮಟ್ಟಿಗೆ ಫುಟ್‌ಬಾಲ್ ನಾಯಕನನ್ನೇ ನೆನೆಯುತ್ತವೆ. ಒಂದಲ್ಲ ಒಂದು ದಿನ ಆಟ ಮುಗಿಯುವುದು ಯಾವ ಆಟಗಾರನಿಗೂ ತಪ್ಪಿದ್ದಲ್ಲ. ಆ ಮುಂದಿನ ಬದುಕಿಗೆ ಮೊದಲೇ ಸಿದ್ಧವಾಗಿದ್ದದ್ದು ಆವೊ ಅವರ ಜಾಣತನ. ಅದನ್ನು ತ್ಯಾಗವೆಂದು ಕರೆದರೆ ವೈದ್ಯನ ಕೆಲಸವನ್ನು ಆಟಕ್ಕಿಂತ ಕೀಳಾಗಿ ಅಳೆದಂತಾಗುತ್ತದೆ.