ಹುಬ್ಬು ತಿದ್ದುವ ಮುನ್ನ



ಉಮ್ಮತ್ತೂರು ಕಡೆಯ ಸಂಘಗಳಲ್ಲಿ ಸಾಲ, ಉಳಿತಾಯದ ಲೆಕ್ಕ ಮುಗಿದ ಮೇಲೆ ಸಣ್ಣ ವಯಸ್ಸಿನವರು ಮೆಲ್ಲಗೆ ಕೇಳುತ್ತಾರೆ, "ಸಿಸ್ಟರ್, ಮನೇಲೇ ಐಬ್ರೋ ಮಾಡ್ಕೋಬಹುದಾ?" ಹಿರಿಯರು ನಗುತ್ತಾರೆ. ಇದು ನಗುವ ವಿಷಯವೇನಲ್ಲ. 2023ರಿಂದ ಸರ್ಕಾರಿ ಬಸ್ಸು ನಮಗೆ ಉಚಿತವಾದರೂ, ಚಾಮರಾಜನಗರದ ಪಾರ್ಲರಿಗೆ ಹೋಗಿಬಂದರೆ ಅರ್ಧ ದಿನದ ಕೂಲಿ ಹೋಯಿತು. ಮನೆಯಲ್ಲೇ ಮಾಡಿಕೊಳ್ಳಬಹುದು, ಆದರೆ ತಿಳಿದು ಮಾಡಬೇಕು.

ಹುಬ್ಬು ಬರೀ ಅಂದಕ್ಕಲ್ಲ. ಅರಿಶಿನದ ಹೊಲದಲ್ಲಿ ಕಳೆ ಕೀಳುವಾಗ ಹಣೆಯ ಬೆವರು ಕಣ್ಣಿಗೆ ಇಳಿಯದ ಹಾಗೆ ಪಕ್ಕಕ್ಕೆ ಹರಿಸುವುದು ಅದೇ. ಅದಕ್ಕೇ ಗೆರೆ ಎಳೆದ ಹಾಗೆ ತೆಳ್ಳಗೆ ಮಾಡಿಕೊಳ್ಳಬೇಡಿ. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಬೇರುಸಮೇತ ಕಿತ್ತರೆ ಕೆಲವರಿಗೆ ಅಲ್ಲಿ ಕೂದಲು ಮತ್ತೆ ಬರುವುದೇ ಇಲ್ಲ.

ಸ್ನಾನವಾದ ಮೇಲೆ, ಹಗಲು ಬೆಳಕಿನಲ್ಲಿ ಕನ್ನಡಿ ಮುಂದೆ ಕೂತುಕೊಳ್ಳಿ. ಒಂದು ಪೆನ್ಸಿಲನ್ನು ಮೂಗಿನ ಹೊಳ್ಳೆಯ ಪಕ್ಕದಿಂದ ನೇರ ಮೇಲಕ್ಕೆ ಹಿಡಿಯಿರಿ, ಹುಬ್ಬು ಅಲ್ಲಿಂದ ಶುರುವಾಗಬೇಕು. ಹೊಳ್ಳೆಯಿಂದಲೇ ಕಣ್ಣಿನ ಹೊರ ಮೂಲೆಗೆ ಓರೆಯಾಗಿ ಹಿಡಿದರೆ ಹುಬ್ಬು ಮುಗಿಯುವ ಜಾಗ ಸಿಗುತ್ತದೆ. ಇದರ ಆಚೆಗೆ, ಮತ್ತು ಹುಬ್ಬಿನ ಕೆಳಗೆ ಇರುವ ಬಿಡಿ ಕೂದಲನ್ನಷ್ಟೇ ತೆಗೆಯಿರಿ. ಮೇಲಿನ ಅಂಚಿನ ಗೋಜಿಗೆ ಹೋಗಬೇಡಿ. ಚಿಮುಟದಲ್ಲಿ ಒಂದೊಂದೇ ಕೂದಲು, ಅದು ಬೆಳೆದ ದಿಕ್ಕಿಗೇ ಎಳೆಯಿರಿ. ಎರಡು ಕಡೆಯೂ ಸ್ವಲ್ಪ ಸ್ವಲ್ಪ ಮಾಡುತ್ತಾ ಬನ್ನಿ, ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋದರೆ ಸಮ ಮಾಡಲು ಹೋಗಿ ಎರಡೂ ಸಣ್ಣದಾಗುತ್ತವೆ! ಉದ್ದ ಕೂದಲನ್ನು ಮೇಲಕ್ಕೆ ಬಾಚಿ ಸಣ್ಣ ಕತ್ತರಿಯಲ್ಲಿ ತುದಿ ಕತ್ತರಿಸಿದರೆ ಸಾಕು.

ದಾರದ ಕೆಲಸ ತನಗೆ ತಾನೇ ಮಾಡಿಕೊಳ್ಳುವುದು ಕಷ್ಟ. ಅಕ್ಕಪಕ್ಕದವರು ಒಬ್ಬರಿಗೊಬ್ಬರು ಮಾಡುವುದಾದರೆ ಪ್ರತಿಯೊಬ್ಬರಿಗೂ ಹೊಸ ಹತ್ತಿ ದಾರ ಇರಲಿ. ಹಲ್ಲಿನಲ್ಲಿ ಕಚ್ಚಿ ಹಿಡಿದ ದಾರವನ್ನು ಇನ್ನೊಬ್ಬರ ಮುಖಕ್ಕೆ ಹಾಕಬೇಡಿ, ಒಂದು ತುದಿಯನ್ನು ಕತ್ತಿಗೆ ಕಟ್ಟಿಕೊಳ್ಳಿ. ಚಿಮುಟವನ್ನು 20 ನಿಮಿಷ ನೀರಲ್ಲಿ ಕುದಿಸಿ. ಗಂಡನ ಶೇವಿಂಗ್ ಬ್ಲೇಡ್ ಬೇಡವೇ ಬೇಡ. ರಕ್ತ ತಗುಲಿದ ಬ್ಲೇಡಿನಿಂದ ಹೆಪಟೈಟಿಸ್ ಬಿ ಕಾಮಾಲೆಯಂಥ ಸೋಂಕು ಹರಡಬಹುದು. ಆದ ಮೇಲೆ ತಣ್ಣೀರಿನ ಬಟ್ಟೆ ಒತ್ತಿ, ಆ ದಿನ ಪೌಡರ್ ಹಚ್ಚಬೇಡಿ. ತಲೆಗೆ ಹಚ್ಚುವ ಡೈ ಹುಬ್ಬಿಗೆ ತಾಗಿಸಲೇಬೇಡಿ, ಕಣ್ಣಿಗೆ ಅಪಾಯ. ಹರಳೆಣ್ಣೆ ಹಚ್ಚಿದರೆ ಹುಬ್ಬು ಕಪ್ಪಗೆ ಕಾಣುತ್ತದೆ, ಕೂದಲು ಹುಟ್ಟಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಕೀಳದೆಯೇ ಹುಬ್ಬು ಉದುರುತ್ತಿದ್ದರೆ, ಅದರಲ್ಲೂ ಹೊರ ತುದಿಯಿಂದ, ಪೆನ್ಸಿಲ್ ಬಳಿದು ಮುಚ್ಚಬೇಡಿ. ಥೈರಾಯಿಡ್ ಕಡಿಮೆಯಾದರೂ ಹೀಗಾಗುತ್ತದೆ, ಆಗ ಸುಸ್ತು, ಮೈ ದಪ್ಪವಾಗುವುದು, ಮುಟ್ಟಿನ ಏರುಪೇರು ಇರಬಹುದು. ಕುಷ್ಠರೋಗದಲ್ಲೂ ಹುಬ್ಬು ಉದುರಬಹುದು. ಜೊತೆಗೆ ಸ್ಪರ್ಶ ತಿಳಿಯದ ಮಚ್ಚೆ, ಕೈಕಾಲು ಜೋಮು, ಕಿವಿಯಲ್ಲಿ ಗಂಟು ಕಂಡರೆ ತಡಮಾಡಬೇಡಿ. ಇದು ಶಾಪವಲ್ಲ, ಪಾಪದ ಫಲವೂ ಅಲ್ಲ, ಒಂದು ರೋಗಾಣುವಿನಿಂದ ಬರುವ ಕಾಯಿಲೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ, 6 ತಿಂಗಳು ಅಥವಾ 12 ತಿಂಗಳು ತಪ್ಪದೆ ನುಂಗಿದರೆ ಪೂರ್ತಿ ವಾಸಿ. ತಡವಾದರೆ ಬೆರಳು ಮಡಚಿಕೊಂಡು ಕೂಲಿ ಕೆಲಸಕ್ಕೇ ಕುತ್ತು. ಸಂಘದಲ್ಲಿ ಯಾರ ಹುಬ್ಬಾದರೂ ಹೀಗೆ ಬೋಳಾಗುತ್ತಿದ್ದರೆ ಎಲ್ಲರ ಮುಂದೆ ಕೇಳಬೇಡಿ. ಪಕ್ಕಕ್ಕೆ ಕರೆದು ಮಾತಾಡಿಸಿ, ಆಶಾ ಕಾರ್ಯಕರ್ತೆಯ ಜೊತೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ. ಒಬ್ಬರೇ ಹೋಗಲು ಅಂಜಿದರೆ ನೀವೂ ಜೊತೆಗೆ ಹೋಗಿ.