ನಿಮ್ಮ ಯುನಿಕ್ಸ್ ಕಂಪ್ಯೂಟರಿಗೆ ಒಂದು ಕಾಯಂ ವಿಳಾಸ



ಮೈಲಾಪೂರಿನಲ್ಲಿ ಮನೆ ಹುಡುಕಿದವರಿಗೆ ಈ ಪಜೀತಿ ಗೊತ್ತು: ಒಂದೇ ಬಾಗಿಲಿಗೆ ಹಳೇ ನಂಬರ್ ಒಂದು, ಹೊಸ ನಂಬರ್ ಇನ್ನೊಂದು. ನಾವಾದರೆ ಪಕ್ಕದ ಅಂಗಡಿಯಲ್ಲಿ ಕೇಳಿಕೊಂಡು ಹೋಗುತ್ತೇವೆ. ಕಂಪ್ಯೂಟರಿಗೆ ಆ ಜಾಣತನ ಇಲ್ಲ.

ಲಸ್ ಕಾರ್ನರ್ ಬಳಿ ಒಂದು ಸಣ್ಣ ಆಫೀಸು ಎಂದುಕೊಳ್ಳಿ. ನಾಲ್ಕು ಕಂಪ್ಯೂಟರ್; ಲೆಕ್ಕಪತ್ರವೆಲ್ಲ ಇರುವುದು ಒಂದು ಯುನಿಕ್ಸ್ ಯಂತ್ರದಲ್ಲಿ. ರೂಟರ್ ಪ್ರತಿ ಯಂತ್ರಕ್ಕೂ ತಾನೇ ಒಂದು ಐಪಿ ವಿಳಾಸ ಕೊಡುತ್ತದೆ, ಆದರೆ ಗೊತ್ತಾದ ಅವಧಿಗೆ ಮಾತ್ರ, ಬಾಡಿಗೆಗೆ ಕೊಟ್ಟ ಹಾಗೆ. ಇದೇ ಡಿಎಚ್‌ಸಿಪಿ, 1993ರಲ್ಲಿ ಬಂದ ಪದ್ಧತಿ. ಕರೆಂಟ್ ಹೋಗಿ ಬಂದ ಮೇಲೆ ಆ ವಿಳಾಸ ಬದಲಾದರೆ ಉಳಿದ ಮೂವರ ಕೆಲಸ ನಿಂತಂತೆ. ಯಂತ್ರ ಕೆಟ್ಟಿರುವುದಿಲ್ಲ, ವಿಳಾಸ ಬದಲಾಗಿರುತ್ತದೆ ಅಷ್ಟೇ.

ಕಾಯಂ ವಿಳಾಸಕ್ಕೆ ನಾಲ್ಕು ವಿವರ ಬೇಕು. ಯಂತ್ರದ ಐಪಿ, ಉದಾಹರಣೆಗೆ 192.168.1.50. ನೆಟ್‌ಮಾಸ್ಕ್, ಅಂದರೆ ನಮ್ಮ ಬೀದಿಯ ಎಲ್ಲೆ, ಸಾಮಾನ್ಯವಾಗಿ 255.255.255.0. ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿ. ಇದು ರೂಟರಿನ ವಿಳಾಸ, ಉದಾಹರಣೆಗೆ 192.168.1.1. ಕೊನೆಯದು ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್.

ಒಂದು ಎಚ್ಚರಿಕೆ: ರೂಟರ್ 100ರಿಂದ 200ರವರೆಗಿನ ನಂಬರುಗಳನ್ನು ಹಂಚುತ್ತಿದ್ದರೆ ನೀವು ಅದರ ಹೊರಗಿನ ನಂಬರ್ ಆರಿಸಿ. ಒಂದೇ ವಿಳಾಸ ಇಬ್ಬರಿಗೆ ಹೋದರೆ ಇಬ್ಬರಿಗೂ ತೊಂದರೆ.

1983ರ ಬರ್ಕ್ಲಿ ಯುನಿಕ್ಸ್‌ನಿಂದ ಬಂದ ಇಫ್‌ಕಾನ್ಫಿಗ್ ಆಜ್ಞೆಯಿಂದ ವಿಳಾಸವನ್ನು ಕೂಡಲೇ ಬದಲಿಸಬಹುದು. ಆದರೆ ಯಂತ್ರ ಆರಿಸಿ ಹಾಕಿದರೆ ಅದು ಮಾಯ. ಉಳಿಯಬೇಕಾದರೆ ಕಡತದಲ್ಲೇ ಬರೆಯಬೇಕು. ಅದೇ ವಂಶದ ಫ್ರೀಬಿಎಸ್‌ಡಿಯಲ್ಲಿ ಇಟಿಸಿ ಫೋಲ್ಡರಿನ 'ಆರ್‌ಸಿ ಡಾಟ್ ಕಾನ್ಫ್' ಕಡತದ ಒಂದು ಸಾಲಿನಲ್ಲಿ ಐಪಿ ಮತ್ತು ನೆಟ್‌ಮಾಸ್ಕ್, ಇನ್ನೊಂದರಲ್ಲಿ ಗೇಟ್‌ವೇ ಬರುತ್ತವೆ. ಡಿಎನ್‌ಎಸ್‌ಗೆ ಅಲ್ಲೇ ಇರುವ 'ರಿಸಾಲ್ವ್ ಡಾಟ್ ಕಾನ್ಫ್'. ಲಿನಕ್ಸ್‌ನಲ್ಲಿ ಕಡತಗಳು ಬೇರೆ, ಕೇಳುವ ವಿವರ ಇವೇ ನಾಲ್ಕು.

ತಿದ್ದುವ ಮುಂಚೆ ಕಡತದ ಒಂದು ಪ್ರತಿ ಎತ್ತಿಡಿ. ಈ ಕೆಲಸವನ್ನು ಯಂತ್ರದ ಮುಂದೆ ಕೂತೇ ಮಾಡಿ. ದೂರದಿಂದ ಮಾಡುವಾಗ ಒಂದು ಅಂಕಿ ತಪ್ಪಿದರೂ ಸಂಪರ್ಕ ಕಡಿದು ನೀವೇ ಹೊರಗೆ ಉಳಿಯುತ್ತೀರಿ.

ಯಂತ್ರವನ್ನು ಮತ್ತೆ ಚಾಲೂ ಮಾಡಿ ರೂಟರಿಗೆ ಪಿಂಗ್ ಕಳಿಸಿ. ಉತ್ತರ ಬಂತೇ? ಈಗ ಯಾವುದಾದರೂ ವೆಬ್‌ಸೈಟ್ ತೆರೆಯಿರಿ. ಅದು ತೆರೆಯದಿದ್ದರೆ ಗೇಟ್‌ವೇ, ಡಿಎನ್‌ಎಸ್ ಎರಡನ್ನೂ ಇನ್ನೊಮ್ಮೆ ನೋಡಿ. ಎಲ್ಲ ಸರಿಯಾದ ಮೇಲೆ ಆ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸಿ. ನಾಳೆ ನೀವು ರಜೆಯಲ್ಲಿದ್ದರೂ ಆಫೀಸಿನ ಕೆಲಸ ನಿಲ್ಲುವುದಿಲ್ಲ.